ಸ್ಥಿರಾಸ್ತಿ ಮನುಷ್ಯ, ಚರಾಸ್ತಿ ಮನೆ

ಕೆರಿಬಿಯನ್ ಸಮುದ್ರದಂಚಿನ ಬಾರ್ಬಡೋಸ್‌ನಲ್ಲಿ ಇವತ್ತಿಗೂ ಪುಟ್ಟ ಮರದ ಮನೆಗಳು ಕಾಣಸಿಗುತ್ತವೆ. ಕಡಿದಾದ ಮಾಡು, ನಡುವೆ ಬಾಗಿಲು, ಅದರ ಎರಡೂ ಬದಿಗೆ ಒಂದೊಂದು ಕಿಟಕಿ. ಪ್ರವಾಸಿಗರ ಕ್ಯಾಮೆರಾಕ್ಕೆ ಅವು ಬಣ್ಣದ ಗೊಂಬೆಮನೆಗಳು. ಬಗ್ಗಿ ನೋಡಿದರೆ ಅಡಿಪಾಯವೇ ಇಲ್ಲ, ಪೇರಿಸಿದ ಕಲ್ಲುಗಳ ಮೇಲೆ ಕೂತಿವೆ. ಸ್ಥಳೀಯರು ಇದನ್ನು ‘ಚಾಟಲ್ ಹೌಸ್’ ಎನ್ನುತ್ತಾರೆ. ಅಂದರೆ ಚರಾಸ್ತಿ ಮನೆ. ಹಲಗೆ ಬಿಚ್ಚಿ, ಗಾಡಿಗೆ ಹೇರಿ, ಇನ್ನೊಂದೆಡೆ ಜೋಡಿಸಬಹುದು.

ಈ ಹೆಸರಿನ ಹಿಂದೊಂದು ವ್ಯಂಗ್ಯವಿದೆ. 1627ರಲ್ಲಿ ಇಲ್ಲಿ ನೆಲೆಯೂರಿದ ಇಂಗ್ಲಿಷರು ಕಬ್ಬು ಬೆಳೆಯಲು ಆಫ್ರಿಕಾದಿಂದ ಜನರನ್ನು ಹಡಗಿನಲ್ಲಿ ತುಂಬಿ ತಂದರು. 1668ರ ಕಾನೂನೊಂದು ಆ ಗುಲಾಮರನ್ನು ‘ಸ್ಥಿರಾಸ್ತಿ’ ಎಂದು ಸಾರಿತು. ಹೊಲದ ಜೊತೆಗೇ ಮನುಷ್ಯರೂ ವಾರಸುದಾರರಿಗೆ ಹೋಗಬೇಕಿತ್ತು. ಮನುಷ್ಯ ಸ್ಥಿರಾಸ್ತಿಯಾಗಿದ್ದ ನೆಲದಲ್ಲೇ, ಬಿಡುಗಡೆಯ ನಂತರ ಅವನ ಮನೆ ಚರಾಸ್ತಿಯಾಯಿತು.

ಗುಲಾಮಗಿರಿ 1834ರಲ್ಲಿ ಕಾನೂನಿನಿಂದ ಅಳಿಯಿತು. ‘ಅಪ್ರೆಂಟಿಸ್’ ಹೆಸರಿನ ಬಿಟ್ಟಿ ದುಡಿಮೆಯೂ ಮುಗಿದದ್ದು 1838ರಲ್ಲಿ. ಬ್ರಿಟನ್ ತನ್ನ ಸಾಮ್ರಾಜ್ಯದುದ್ದಕ್ಕೂ ಹಂಚಿದ ಪರಿಹಾರ 2 ಕೋಟಿ ಪೌಂಡ್. ಅಷ್ಟೂ ಯಜಮಾನರಿಗೆ, ದುಡಿದವರಿಗೆ ಬಿಡಿಗಾಸೂ ಇಲ್ಲ. ಜಮೈಕಾದಲ್ಲಾದರೆ ಬೆಟ್ಟಗಳ ಕಡೆ ಹೋಗಿ ಊರು ಕಟ್ಟಿಕೊಳ್ಳಬಹುದಿತ್ತು. ಬಾರ್ಬಡೋಸ್ ಇರುವುದೇ 430 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಎಲ್ಲವೂ ಕಬ್ಬಿನ ಗದ್ದೆ. ಹಳೆಯ ಧಣಿಯ ಹೊಲದಂಚಿನಲ್ಲೇ ಬಿಡಾರ, ಅವನ ಹೊಲದಲ್ಲೇ ಕೂಲಿ. ಧಣಿ ಮುನಿದರೆ ಜಾಗ ಖಾಲಿ ಮಾಡಬೇಕು. ಹಾಗಾಗಿ ಗೋಡೆ ಕಟ್ಟುವ ಧೈರ್ಯ ಯಾರಿಗಿತ್ತು?

ಗಂಟು ಸಡಿಲವಾದದ್ದು ನಿಧಾನವಾಗಿ. 1904ರಿಂದ ಪನಾಮಾ ಕಾಲುವೆ ತೋಡಲು ಹೋದ ಸಾವಿರಾರು ಜನರ ದುಡಿಮೆಯ ಹಣ ದ್ವೀಪಕ್ಕೆ ಬಂತು. ಕೆಲವರು ತುಂಡುಭೂಮಿ ಕೊಂಡರು. ಹಸಿವು, ನಿರುದ್ಯೋಗ 1937ರಲ್ಲಿ ದಂಗೆಯಾಗಿ ಸಿಡಿದಾಗ 14 ಮಂದಿ ಸತ್ತರು. 1966ರಲ್ಲಿ ಸ್ವಾತಂತ್ರ್ಯ ಬಂತು. ಆದರೆ ತೋಟದ ಜಾಗದಲ್ಲಿ ವರ್ಷಗಟ್ಟಲೆ ಬದುಕಿದವರಿಗೆ ಮನೆಯಡಿಯ ನೆಲವನ್ನು ಚದರಡಿಗೆ 10 ಸೆಂಟ್‌ನಂತೆ ಕೊಳ್ಳುವ ಹಕ್ಕು ಸಿಕ್ಕಿದ್ದು 1980ರ ಕಾನೂನಿನಿಂದ. ಆಮೇಲೆ ಎಷ್ಟೋ ಮರದ ಮನೆಗಳ ಬೆನ್ನಿಗೆ ಸಿಮೆಂಟ್ ಗೋಡೆಗಳು ಎದ್ದವು.

ಇಂದು ಅಲ್ಲಿನ ಜನರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಕಪ್ಪುಜನ. ಅಧಿಕಾರವೂ ಅವರದೇ. ದೇಶ 2021ರಲ್ಲಿ ಗಣರಾಜ್ಯವಾಗಿ ಬ್ರಿಟನ್ನಿನ ರಾಣಿಯನ್ನೂ ಬೀಳ್ಕೊಟ್ಟಿತು. ಜಮೀನಿನ ಲೆಕ್ಕ ಮಾತ್ರ ಚುಕ್ತಾ ಆಗಿಲ್ಲ.

ಡ್ರ್ಯಾಕ್ಸ್ ಹಾಲ್ ತೋಟವನ್ನೇ ನೋಡಿ. ಹದಿನೇಳನೆಯ ಶತಮಾನದಿಂದಲೂ ಅದು ಒಂದೇ ಮನೆತನದ ಕೈಯಲ್ಲಿದೆ. 189 ಗುಲಾಮರ ಬಿಡುಗಡೆಗಾಗಿ 1836ರಲ್ಲಿ ಆ ಮನೆತನಕ್ಕೆ 4,293 ಪೌಂಡ್ ಪರಿಹಾರ ಸಂದಿತ್ತು. ಬಡವರಿಗೆ ಮನೆ ಕಟ್ಟಿಕೊಡಲು ಅಲ್ಲಿನ ಸುಮಾರು 50 ಎಕರೆಯನ್ನು ಕೊಳ್ಳಲು ಬಾರ್ಬಡೋಸ್ ಸರ್ಕಾರ ಮುಂದಾದಾಗ ಜನ ಸಿಡಿದೆದ್ದರು. ಅಜ್ಜ-ಮುತ್ತಜ್ಜಂದಿರು ಬಿಟ್ಟಿ ದುಡಿದ ನೆಲಕ್ಕೆ ಮೊಮ್ಮಕ್ಕಳು ಬೆಲೆ ತೆರಬೇಕೇ ಎಂಬುದು ಅವರ ಪ್ರಶ್ನೆ. 2024ರ ಏಪ್ರಿಲ್‌ನಲ್ಲಿ ಪ್ರಧಾನಿ ಮಿಯಾ ಮೋಟ್ಲಿ ಖರೀದಿಯನ್ನು ತಡೆಹಿಡಿದರು. ಇಲ್ಲದಿದ್ದರೆ, 1836ರಲ್ಲಿ ದುಡ್ಡು ಯಾರ ಮನೆಬಾಗಿಲಿಗೆ ಹೋಗಿತ್ತೋ ಅದೇ ಬಾಗಿಲಿಗೆ ಮತ್ತೊಮ್ಮೆ ಹೋಗುತ್ತಿತ್ತು.