ಕಟ್ಟಿದ್ದಲ್ಲ, ಕಡೆದದ್ದು: ನಮ್ಮ ಪುಣೆಯ ಪಾತಾಳೇಶ್ವರ

ಪುಣೆಗೆ ಬಂದ ಹೊಸತರಲ್ಲಿ ಜಂಗಲಿ ಮಹಾರಾಜ್ ರೋಡಿನಲ್ಲಿ ಎಷ್ಟೋ ಸಲ ಓಡಾಡಿದ್ದೆ. ಪಕ್ಕದಲ್ಲೇ, ರಸ್ತೆಗಿಂತ ಕೆಳಗೆ, ಪಾತಾಳೇಶ್ವರ ಗುಹಾಲಯ ಇದೆ ಅಂತ ಗೊತ್ತೇ ಇರಲಿಲ್ಲ.

ಇದು 8ನೇ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಅಂಗಳದ ದುಂಡು ನಂದಿಮಂಟಪ ನೋಡಿ. ಮನೆ ಕಟ್ಟುವಾಗ ಮೊದಲು ಪಾಯ, ಕೊನೆಗೆ ಚಾವಣಿ. ಇಲ್ಲಿ ಉಲ್ಟಾ. ಬಂಡೆಯ ಮೇಲ್ಭಾಗವೇ ಚಾವಣಿ. ಸುತ್ತಲಿನ ಕಲ್ಲು ತೆಗೆಯುತ್ತಾ ಇಳಿದರೆ ಕಂಬ, ಕಡೆಗೆ ನೆಲ. ಕಂಬ ಬರಬೇಕಾದ ಕಡೆ ಕಲ್ಲು ಒಡೆದುಹೋದರೆ ಮತ್ತೆ ಅಂಟಿಸೋಕಾಗಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ, ರೋಲ್‌ಬ್ಯಾಕ್ ಇಲ್ಲ. ಹಾಗಾಗಿ ಎಲ್ಲಿ ಕಂಬ, ಎಲ್ಲಿ ಖಾಲಿ ಅನ್ನೋದು ಉಳಿ ಇಳಿಸುವ ಮುಂಚೆಯೇ ತೀರ್ಮಾನ ಆಗಿರಬೇಕು.

ಮೇಲಿಂದ ಕೆಳಕ್ಕೆ ಕಡೆಯುತ್ತಿದ್ದರು ಅನ್ನೋದಕ್ಕೆ ಸಾಕ್ಷಿ ಬೇಕಾ? ಸೌದಿ ಅರೇಬಿಯಾದ ಹೆಗ್ರಾದಲ್ಲಿ ನಬಾಟಿಯನ್ನರು ಸುಮಾರು 2,000 ವರ್ಷ ಹಿಂದೆ ಕಡೆದ ಕಸರ್ ಅಲ್-ಫರೀದ್ ಸಮಾಧಿ ಅರ್ಧಕ್ಕೇ ನಿಂತಿದೆ. ಮೇಲೆಲ್ಲ ನಯ, ಬುಡ ಒರಟು. ಅವರದು ನಮ್ಮ ಬಾದಾಮಿಯ ಹಾಗೆ ಮರಳುಗಲ್ಲು; ಪುಣೆಯದು ಗಟ್ಟಿ ಬಸಾಲ್ಟ್. ಒಂದನೇ ಕೃಷ್ಣನ ಕಾಲದ ಎಲ್ಲೋರದ ಕೈಲಾಸವೂ ಬಸಾಲ್ಟೇ. ಪಾತಾಳೇಶ್ವರದ ಕೆಲಸವೂ ಪೂರ್ತಿ ಆಗಲಿಲ್ಲ, ಆದರೂ ಪೂಜೆ ನಡೆದೇ ಇದೆ.

ಇಲ್ಲಿ ನಾವು ಹೊರಗಿನವರು ಅನ್ನಿಸಿದ ದಿನ ಅಲ್ಲಿ ಹೋಗಿ ಕೂತ್ಕೊಳ್ಳಿ. ಕವಿರಾಜಮಾರ್ಗ ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ. ಅವರ ಕಾಲದ ಗುಡಿಗೆ ಇವತ್ತು ಹೂವು ತರೋರು ಹೆಚ್ಚಾಗಿ ಮರಾಠಿ ಮಂದಿ. ಊರು ಯಾರದು ಅನ್ನೋ ಜಗಳ ಆ ಕಂಬಗಳ ಮುಂದೆ ತೀರಾ ಸಣ್ಣದಾಗಿ ಕಾಣುತ್ತೆ.