ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ: ಮನೆಮಂದಿಗೆ ತಿಳಿದಿರಲಿ

ಹೃದಯದ ಕವಾಟ ಬದಲಿಸಿಕೊಂಡವರು, ಎದೆಬಡಿತ ಏರುಪೇರಾಗುವವರು ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಗುಳಿಗೆ ತೆಗೆದುಕೊಳ್ಳುತ್ತಾರೆ. ನಮ್ಮ ಕಡೆ ಇದಕ್ಕೆ 'ರಕ್ತ ತೆಳ್ಳಗಾಗುವ ಗುಳಿಗೆ' ಎನ್ನುತ್ತಾರೆ. ನಿಜವಾಗಿ ರಕ್ತ ತೆಳ್ಳಗಾಗುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ 2, 7, 9 ಮತ್ತು 10ನೇ ಅಂಶಗಳನ್ನು ಯಕೃತ್ತು ವಿಟಮಿನ್ 'ಕೆ' ನೆರವಿನಿಂದ ತಯಾರಿಸುತ್ತದೆ. ಈ ಗುಳಿಗೆ ಆ ನೆರವನ್ನು ತಡೆಯುತ್ತದೆ.

ವಾರ್ಫರಿನ್ 1948ರಲ್ಲಿ ಅಮೆರಿಕದಲ್ಲಿ ಮೊದಲು ಬಂದದ್ದು ಇಲಿ ಪಾಷಾಣವಾಗಿ. 1954ರಿಂದ ಅದು ಮನುಷ್ಯರಿಗೂ ಔಷಧವಾಯಿತು. ಔಷಧಕ್ಕೂ ವಿಷಕ್ಕೂ ನಡುವೆ ಇರುವುದು ಪ್ರಮಾಣದ ಅಂತರ ಮಾತ್ರ. ಪ್ರಮಾಣ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟಿ ಕವಾಟ ಕೆಡಬಹುದು, ಪಾರ್ಶ್ವವಾಯು ಬಡಿಯಬಹುದು. ಹೆಚ್ಚಾದರೆ ಮಿದುಳಿನಲ್ಲಿ ಅಥವಾ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು.

ಈ ಪ್ರಮಾಣವನ್ನು ಅಳೆಯುವುದು ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ಗುಳಿಗೆ ತೆಗೆದುಕೊಳ್ಳದ ಆರೋಗ್ಯವಂತರಲ್ಲಿ ಇದು ಸುಮಾರು 1 ಇರುತ್ತದೆ. ಈ ಗುಳಿಗೆ ತೆಗೆದುಕೊಳ್ಳುವ ಹೆಚ್ಚಿನವರಲ್ಲಿ 2ರಿಂದ 3ರೊಳಗೆ ಇರಬೇಕು; ಕೆಲವು ಲೋಹದ ಕವಾಟಗಳಿಗೆ 2.5ರಿಂದ 3.5 ಬೇಕಾಗುತ್ತದೆ. 'ಆರಾಮ ಇದ್ದೀನಿ, ಪರೀಕ್ಷೆಗೆಂದು ಕಲಬುರಗಿಗೆ ಯಾಕೆ ಹೋಗಬೇಕು?' ಎನ್ನುವವರಿದ್ದಾರೆ. ಐಎನ್‌ಆರ್ ಏರಿದ್ದು ಮೈಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ರಕ್ತ ಸೋರಿರುತ್ತದೆ.

ಈ ಗುಳಿಗೆಗೆ ಯಾವುದು ಅಡ್ಡ ಬರುತ್ತದೆ?

ಮೊಣಕಾಲು ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫಿನಾಕ್, ಐಬುಪ್ರೊಫೇನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಎದೆಬಡಿತಕ್ಕೆ ಕೊಡುವ ಅಮಿಯೊಡರೋನ್ ಐಎನ್‌ಆರ್ ಏರಿಸುತ್ತವೆ. ಕ್ಷಯದ ಔಷಧ ರಿಫಾಂಪಿಸಿನ್ ಅದನ್ನು ಇಳಿಸುತ್ತದೆ. ಪಾಲಕ, ಮೆಂತ್ಯದಂಥ ಸೊಪ್ಪಿನಲ್ಲಿ ವಿಟಮಿನ್ 'ಕೆ' ಹೇರಳ. ಹಾಗೆಂದು ಸೊಪ್ಪು ಬಿಡಬೇಕಿಲ್ಲ. ಒಂದು ವಾರ ದಿನಾಲೂ ತಿಂದು ಮುಂದಿನ ವಾರ ಪೂರ್ತಿ ಬಿಡುವುದು ಬೇಡ. ರಂಜಾನ್ ಉಪವಾಸ ಹಿಡಿಯುವವರು ಗುಳಿಗೆಯ ಸಮಯ ಬದಲಿಸುವ ಮೊದಲೇ ವೈದ್ಯರನ್ನು ಕೇಳಬೇಕು. ಗರ್ಭದಲ್ಲಿರುವ ಮಗುವಿಗೆ ಈ ಔಷಧದಿಂದ ಹಾನಿಯಾಗಬಹುದು. ಆದ್ದರಿಂದ ಮಗು ಬಯಸುವ ಹೆಣ್ಣುಮಕ್ಕಳು ಮೊದಲೇ ವೈದ್ಯರೊಂದಿಗೆ ಮಾತಾಡಬೇಕು.

ವಸಡಿನಿಂದ ರಕ್ತ, ನಿಲ್ಲದ ಮೂಗಿನ ರಕ್ತ, ಕಾರಣವಿಲ್ಲದ ಕಂದು ಕಲೆ ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಕಪ್ಪು ಮಲ, ಜೋರಾದ ತಲೆನೋವು, ತಲೆಗೆ ಪೆಟ್ಟು ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಆದರೆ ಹೆದರಿ ತಾವಾಗಿಯೇ ಗುಳಿಗೆ ನಿಲ್ಲಿಸಬಾರದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು.

ವಿದ್ಯಾರ್ಥಿ ಮಿತ್ರರೇ, ಗುಳಿಗೆ ಪಟ್ಟಿಯ ಮೇಲಿನ ಹೆಸರನ್ನು ಓದಬಲ್ಲವರು ಎಷ್ಟೋ ಮನೆಗಳಲ್ಲಿ ನೀವೊಬ್ಬರೇ. ಗುಳಿಗೆಯ ಹೆಸರು, ಪ್ರಮಾಣ, ಕೊನೆಯ ಐಎನ್‌ಆರ್, ಮುಂದಿನ ಪರೀಕ್ಷೆಯ ದಿನಾಂಕ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅಜ್ಜಿಯ ಚೀಲದಲ್ಲಿಡಿ. ಹಲ್ಲು ಕೀಳಿಸಲು ಹೋದರೂ, ಜ್ವರಕ್ಕೆ ಹೋದರೂ ಆ ಚೀಟಿಯನ್ನು ಮೊದಲು ತೋರಿಸಿ.