ನಿಮಗಿದು ಗೊತ್ತೇ? ಮಂಗಳದಲ್ಲಿ ಹುಡುಕುವುದು ದುರ್ಗದ ಕಲ್ಲಲ್ಲಿದೆ

ನಸುಕಿಗೆ ಎದ್ದು ದಾವಣಗೆರೆಯ ಆವರಗೆರೆಯಲ್ಲಿ ಯಾವುದಾದರೂ ಮಹಡಿ ಹತ್ತಿ. ಹೆದ್ದಾರಿ ದೀಪಗಳ ಕಾಟದ ನಡುವೆಯೂ ಕೆಲವು ತಿಂಗಳು ಮೂಡಣದಲ್ಲಿ ಒಂದು ಚುಕ್ಕಿ ಉರಿಯುವಂತೆ ಹೊಳೆಯುತ್ತದೆ. ‘ಬೆಳ್ಳಿ ಮೂಡಿತು, ಏಳು’ ಎಂದು ಹೊಲಕ್ಕೆ ಹೋಗುವವರನ್ನು ಎಬ್ಬಿಸುತ್ತಿದ್ದುದು ಅದೇ. ಅದು ಶುಕ್ರಗ್ರಹ. ಅಲ್ಲಿ ನೆಲದ ಬಿಸಿ ಸುಮಾರು 460 ಡಿಗ್ರಿ ಸೆಲ್ಸಿಯಸ್. ಸೀಸ ಕರಗಲು 327 ಸಾಕು. ಗಾಳಿಯ ಒತ್ತಡ ನಮ್ಮಲ್ಲಿಯದರ 90 ಪಟ್ಟು.

ಆದರೆ ಅದೇ ಶುಕ್ರನಲ್ಲಿ ಸುಮಾರು 55 ಕಿ.ಮೀ. ಮೇಲಕ್ಕೆ ಹೋದರೆ, ಜನವರಿ ಮಧ್ಯಾಹ್ನದ ದಾವಣಗೆರೆಯಷ್ಟೇ ಬಿಸಿ! ಹಾಗಾಗಿ ಮೋಡದಲ್ಲೇ ತೇಲಿಕೊಂಡು ಬದುಕುವ ಸೂಕ್ಷ್ಮಜೀವಿ ಇರಬಹುದೇ ಎಂಬ ಆಸೆ. ಭೂಮಿಯಲ್ಲಿ ಸೂಕ್ಷ್ಮಜೀವಿಗಳಿಂದಲೂ ಹುಟ್ಟುವ ಫಾಸ್ಫೀನ್ ಅನಿಲ 2020ರಲ್ಲಿ ಅಲ್ಲಿ ಕಂಡಿತೆಂದು ದೊಡ್ಡ ಸುದ್ದಿಯಾಯಿತು; ಕಂಡದ್ದು ನಿಜವೇ ಎಂಬ ತಕರಾರು ಇನ್ನೂ ಮುಗಿದಿಲ್ಲ. ಅಂದಹಾಗೆ ಆ ಮೋಡ ನೀರಿನದಲ್ಲ, ಗಂಧಕಾಮ್ಲದ್ದು. ಬ್ಯಾಟರಿಗೆ ಹಾಕುತ್ತಾರಲ್ಲ, ಅದೇ.

ಬುಧ? ಹಗಲು 430 ಡಿಗ್ರಿ, ರಾತ್ರಿ ಸೊನ್ನೆಗಿಂತ 180 ಕೆಳಗೆ. ಮುಂದೆ ಹೋಗೋಣ.

ಮಂಗಳನ ನೆಲದ ಮೇಲೆ ಒಂದು ಲೋಟ ನೀರಿಟ್ಟರೆ ಏನಾಗುತ್ತದೆ? ಅಲ್ಲಿನ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ. ನೀರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಕುದಿಯುತ್ತಲೇ ಹೆಪ್ಪುಗಟ್ಟಲೂಬಹುದು. ಚಹಾ ಮಾತ್ರ ಆಗುವುದಿಲ್ಲ. ಅಲ್ಲಿನ ಸರಾಸರಿ ತಾಪಮಾನ ಸೊನ್ನೆಗಿಂತ 60 ಡಿಗ್ರಿ ಕೆಳಗೆ. ಆದರೂ 300 ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ಹೊಳೆ ಹರಿದಿದ್ದವು, ಕೆರೆ ನಿಂತಿದ್ದವು. ಇಂಥ ಬಡಪಾಯಿಯ ಹೆಸರಲ್ಲಿ ಕುಜದೋಷವೆಂದು ನಾವು ಎಷ್ಟು ಮದುವೆ ತಪ್ಪಿಸಿದ್ದೇವೋ!

ಭದ್ರಾ ನಾಲೆಯ ನೀರು ನಿಂತ ಹರಿಹರ–ದಾವಣಗೆರೆಯ ಭತ್ತದ ಗದ್ದೆಗಳೂ ಮಂಗಳದ ಹುಡುಕಾಟವೂ ಒಂದೇ ಅನಿಲಕ್ಕೆ ಗಂಟುಬಿದ್ದಿವೆ: ಮೀಥೇನ್. ಗಾಳಿಯಾಡದ ಕೆಸರಿನಲ್ಲಿ, ದನದ ಹೊಟ್ಟೆಯಲ್ಲಿ, ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ಅದನ್ನು ಹುಟ್ಟಿಸುವುದು ಸೂಕ್ಷ್ಮಜೀವಿಗಳು. ಮಂಗಳದ ಗಾಳಿಯಲ್ಲಿ ಅದು ಕೆಲವು ನೂರು ವರ್ಷಕ್ಕಿಂತ ಹೆಚ್ಚು ಉಳಿಯದು. ಹಾಗಾಗಿ ಈಗ ಸಿಕ್ಕರೆ ಈಚೆಗೆ ಯಾರೋ, ಇಲ್ಲವೇ ಯಾವುದೋ, ಬಿಟ್ಟಿರಬೇಕು. ಕಲ್ಲಿಗೂ ನೀರಿಗೂ ನಡುವಿನ ರಾಸಾಯನಿಕ ಕ್ರಿಯೆಯಿಂದಲೂ ಮೀಥೇನ್ ಬರುತ್ತದೆ ಎಂಬುದು ತಲೆನೋವು. ಅದಕ್ಕಿಂತ ದೊಡ್ಡ ತಲೆನೋವೆಂದರೆ, ನೆಲದ ಮೇಲೆ ಓಡಾಡುವ ಅಮೆರಿಕದ ಕ್ಯೂರಿಯಾಸಿಟಿ ರೋವರ್ ‘ಇದೆ’ ಎನ್ನುತ್ತದೆ, ಮೇಲಿಂದ ಸುತ್ತುವ ಯುರೋಪಿನ ನೌಕೆ ‘ಇಲ್ಲ’ ಎನ್ನುತ್ತದೆ.

ಈ ಜಗಳಕ್ಕೆ ಬೆಂಗಳೂರೂ ಇಳಿದಿತ್ತು. 2013ರ ನವೆಂಬರ್ 5ರಂದು ಹೊರಟು, 2014ರ ಸೆಪ್ಟೆಂಬರ್ 24ರಂದು ಮೊದಲ ಯತ್ನದಲ್ಲೇ ಕಕ್ಷೆ ಸೇರಿದ ಮಂಗಳಯಾನದಲ್ಲಿ ಮೀಥೇನ್ ಪತ್ತೆಯ ಉಪಕರಣವೊಂದಿತ್ತು. ನೌಕೆಯ ಮಾತು ಕೇಳಿಸಿಕೊಂಡದ್ದು ಬೆಂಗಳೂರು ಹೊರವಲಯದ ಬ್ಯಾಲಾಳಿನ 32 ಮೀಟರ್ ಬೋಗುಣಿ. ಮೀಥೇನಿನ ಬಗ್ಗೆ ಖಚಿತ ಉತ್ತರ ಆ ಉಪಕರಣದಿಂದ ಬರಲಿಲ್ಲ. ಮಂಗಳನ ನೆಲ ಎಷ್ಟು ಬೆಳಕು ಹಿಂದಕ್ಕೆ ಚೆಲ್ಲುತ್ತದೆಂಬ ನಕ್ಷೆಗೆ ಅದು ಒದಗಿತು. ಆರು ತಿಂಗಳಿಗೆಂದು ಕಳಿಸಿದ ನೌಕೆ ಮಾತ್ರ ಎಂಟು ವರ್ಷದ ಹತ್ತಿರ ದುಡಿಯಿತು.

ಮಡಿ ನಮ್ಮಲ್ಲಷ್ಟೇ ಅಲ್ಲ, ಬಾಹ್ಯಾಕಾಶದಲ್ಲೂ ಇದೆ. 1976ರಲ್ಲಿ ಮಂಗಳಕ್ಕಿಳಿದ ವೈಕಿಂಗ್ ನೌಕೆಗಳನ್ನು ಹೊರಡುವ ಮುಂಚೆ ಒಲೆಯಂಥ ಪೆಟ್ಟಿಗೆಯಲ್ಲಿಟ್ಟು, ಇಡ್ಲಿ ಬೇಯುವುದಕ್ಕಿಂತ ಹೆಚ್ಚಿನ ಶಾಖದಲ್ಲಿ, 110 ಡಿಗ್ರಿಗೂ ಮೇಲೆ, ಗಂಟೆಗಟ್ಟಲೆ ಬೇಯಿಸಿದ್ದರು. ನಮ್ಮ ಕೈಯ ಕ್ರಿಮಿ ಅಲ್ಲಿಗೆ ಹೋಗಿ, ಅದನ್ನೇ ನಾವು ‘ಮಂಗಳವಾಸಿ’ ಎಂದು ಕುಣಿಯಬಾರದಲ್ಲ! ಶನಿಯನ್ನು ಸುತ್ತುತ್ತಿದ್ದ ಕ್ಯಾಸಿನಿ ನೌಕೆಯದು ಇನ್ನೂ ಕಠಿಣ ಮಡಿ: ಶನಿಯ ಚಂದ್ರಗಳನ್ನು ಮೈಲಿಗೆ ಮಾಡದಿರಲೆಂದು 2017ರ ಸೆಪ್ಟೆಂಬರ್ 15ರಂದು ಅದನ್ನು ಶನಿಗ್ರಹದೊಳಕ್ಕೇ ನೂಕಿ ಸುಟ್ಟರು.

ಯಾಕಿಷ್ಟು ಜೋಪಾನ? ಶನಿಯ ಎನ್ಸೆಲಾಡಸ್ ಎಂಬ ಚಂದ್ರ ಪುಟಾಣಿ. ಅಡ್ಡಳತೆ ಸುಮಾರು 500 ಕಿ.ಮೀ., ಅಂದರೆ ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ವಾಪಸು ಬಂದಷ್ಟು. ಮೇಲೆಲ್ಲ ಮಂಜುಗಡ್ಡೆ, ಕೆಳಗೆ ಉಪ್ಪುನೀರಿನ ಕಡಲು. ದಕ್ಷಿಣ ಧ್ರುವದ ಬಿರುಕುಗಳಿಂದ ಆ ನೀರು ಕಾರಂಜಿಯಾಗಿ ಚಿಮ್ಮುತ್ತದೆ, ಕ್ಯಾಸಿನಿ ಅದರ ನಡುವೆಯೇ ಹಾದುಹೋಗಿ ರುಚಿ ನೋಡಿತ್ತು. ಅದರಲ್ಲಿ ರಂಜಕದ ಲವಣವೂ ಇದೆಯೆಂದು 2023ರಲ್ಲಿ ತಿಳಿಯಿತು. ಡಿಎನ್ಎ ಕಟ್ಟಲು ರಂಜಕ ಬೇಕೇ ಬೇಕು. ನನ್ನ ಕೇಳಿದರೆ, ಪಣ ಕಟ್ಟುವುದಾದರೆ ಮಂಗಳಕ್ಕಿಂತ ಇದರ ಮೇಲೆ ಕಟ್ಟುತ್ತೇನೆ.

ಗುರುವಿನ ಚಂದ್ರ ಯೂರೋಪಾದ ಮಂಜಿನಡಿ ಭೂಮಿಯ ಎಲ್ಲ ಕಡಲುಗಳ ಎರಡು ಪಟ್ಟು ನೀರಿರಬಹುದೆಂಬ ಅಂದಾಜು. 2024ರ ಅಕ್ಟೋಬರ್‌ನಲ್ಲಿ ಹೊರಟ ಯೂರೋಪಾ ಕ್ಲಿಪ್ಪರ್ ಗುರುವನ್ನು ತಲುಪಬೇಕಾದುದು 2030ಕ್ಕೆ.

ಬೆಳಕಿಲ್ಲದ ಕಡಲಲ್ಲಿ ಜೀವ ಹೇಗೆ ಅನ್ನುವವರಿಗೆ: ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ 2.8 ಕಿ.ಮೀ. ಆಳದ ನೀರಿನಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯ ಬಿಸಿಲು ಕಾಣದೆ, ಒಂಟಿಯಾಗಿ ಸಂಸಾರ ನಡೆಸಿಕೊಂಡಿರುವುದು 2008ರಲ್ಲಿ ಬೆಳಕಿಗೆ ಬಂತು. ನಮ್ಮ ಕೋಲಾರದ ಗಣಿ ಇಳಿದಿದ್ದ ಆಳವೂ ಹೆಚ್ಚುಕಡಿಮೆ ಅಷ್ಟೇ.

ಬ್ಯಾಕ್ಟೀರಿಯವೊಂದಕ್ಕೆ ಇಸ್ರೋ ಹೆಸರಿದೆ. 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ಹಾರಿಸಿದ ಬಲೂನು 20ರಿಂದ 41 ಕಿ.ಮೀ. ಎತ್ತರದ ಗಾಳಿ ಹಿಡಿದು ತಂದಿತು. ಪ್ರಯೋಗದ ಮುಖ್ಯಸ್ಥರು ಜಯಂತ ನಾರ್ಳೀಕರ್. ಮಾರ್ಗದರ್ಶಕರಲ್ಲಿ ಒಬ್ಬರು ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್. ಭೂಮಿಯಲ್ಲಿ ಅಲ್ಲಿಯವರೆಗೆ ಕಾಣದ ಮೂರು ಬ್ಯಾಕ್ಟೀರಿಯ ಸಿಕ್ಕವು. ಅತಿನೇರಳೆ ಕಿರಣಕ್ಕೆ ಅವು ತಮ್ಮ ನೆಲದ ನೆಂಟರಷ್ಟು ಬೇಗ ಸಾಯುವುದಿಲ್ಲ. ಒಂದಕ್ಕೆ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್, ಒಂದಕ್ಕೆ ಇಸ್ರೋ, ಇನ್ನೊಂದಕ್ಕೆ ಆರ್ಯಭಟನ ಹೆಸರಿಟ್ಟರು. ಆಕಾಶದಿಂದಲೇ ಬಂದವೆಂದು ಇದರಿಂದ ಸಾಬೀತಾಗದು ಎಂದು 2009ರಲ್ಲಿ ಇಸ್ರೋ ತಾನೇ ಹೇಳಿತು. ಆ ಪ್ರಾಮಾಣಿಕತೆ ಮೆಚ್ಚಬೇಕಾದ್ದು.

ಮಂಗಳದಲ್ಲಿ ಮನೆ ಕಟ್ಟಲು ಗೋರಿಕಾಯಿ ಬೇಕಾಗಬಹುದು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇಸ್ರೋದವರೂ ಸೇರಿ ಮಂಗಳದ ಮಣ್ಣಿನಂಥ ಮಣ್ಣಿಗೆ ಯೂರಿಯ, ಗೋರಿಕಾಯಿ ಬೀಜದ ಅಂಟು, ಜತೆಗೊಂದು ಬ್ಯಾಕ್ಟೀರಿಯ ಕಲಸಿ ಇಟ್ಟಿಗೆ ಮಾಡಿದ್ದಾರೆ. ಬ್ಯಾಕ್ಟೀರಿಯ ಸುಣ್ಣದ ಹರಳು ಹುಟ್ಟಿಸಿ ಮಣ್ಣನ್ನು ಬಿಗಿಯುತ್ತದೆ. ಆವಿಗೆ ಬೇಡ, ಸೌದೆ ಬೇಡ.

‘ಎಲ್ಲ ಸರಿ, ಅಲ್ಲಿ ಜನ ಇದಾರೇನ್ರಿ?’ ನಮ್ಮ ಓಣಿಯ ಹುಡುಗರು ಕೊನೆಗೆ ಕೇಳುವುದು ಇದನ್ನೇ. ಇಲ್ಲಪ್ಪ. ಹುಡುಕುತ್ತಿರುವುದು ಜನರನ್ನಲ್ಲ, ಲೋಳೆಯನ್ನು. ಲೋಳೆ ಎಂದು ಮೂಗು ಮುರಿಯಬೇಡಿ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವ ತನಕ ನಾವೂ ಚಿತ್ರದುರ್ಗ ಜಿಲ್ಲೆಯವರೇ ತಾನೆ? ಆ ದುರ್ಗದ ಸೀಮೆಯ ಹಳೆಯ ಸುಣ್ಣಕಲ್ಲಿನಲ್ಲಿ 250 ಕೋಟಿ ವರ್ಷಕ್ಕೂ ಹಿಂದಿನ ಲೋಳೆಯ ಗುರುತಿದೆ. ಮಾರಿಕಣಿವೆಯ ವಾಣಿವಿಲಾಸ ಅಣೆಕಟ್ಟಿನ ಹೆಸರೇ ಆ ಶಿಲಾಸ್ತರಕ್ಕೂ ಇದೆ. ಗುರುತಿಗೆ ಸ್ಟ್ರೊಮ್ಯಾಟೊಲೈಟ್ ಅನ್ನುತ್ತಾರೆ. ಎಲುಬಲ್ಲ, ಚಿಪ್ಪಲ್ಲ. ಆಳವಿಲ್ಲದ ಕಡಲ ತಳದಲ್ಲಿ ಸೂಕ್ಷ್ಮಜೀವಿಗಳು ಅಂಟಂಟಾದ ಚಾಪೆಯಂತೆ ಹಬ್ಬಿದ್ದವು. ಅಲೆ ತಂದ ನುಣ್ಣನೆ ಮಣ್ಣು ಅದಕ್ಕೆ ಮೆತ್ತಿಕೊಳ್ಳುತ್ತಿತ್ತು. ಅವು ಬೆಳಕಿಗಾಗಿ ಮಣ್ಣು ತೂರಿ ಮೇಲೆ ಬಂದು ಮತ್ತೆ ಚಾಪೆ ಹಾಸುತ್ತಿದ್ದವು. ಹೀಗೆ ಪದರದ ಮೇಲೆ ಪದರ ಏರಿ ಗುಮ್ಮಟವಾಗಿ, ಕಲ್ಲಾಯಿತು. ಅಡ್ಡ ಕೊಯ್ದರೆ ಉಳ್ಳಾಗಡ್ಡಿ ಹೋಳು; ಉದ್ದ ಸೀಳಿದರೆ ಒಂದರ ಮೇಲೊಂದು ಬೋರಲು ಹಾಕಿದ ಬಟ್ಟಲು. ಆ ಕಾಲದಲ್ಲಿ ಮಂಗಳದವರು ಯಾರಾದರೂ ಭೂಮಿಗೆ ಬಂದಿದ್ದರೆ ಅವರಿಗೂ ಸಿಗುತ್ತಿದ್ದುದು ಲೋಳೆ ಮಾತ್ರ. ಗಾಳಿಯಲ್ಲಿ ಆಮ್ಲಜನಕವೂ ಇಲ್ಲವೆನ್ನುವಷ್ಟೇ ಇತ್ತು.

ಕೈಯಲ್ಲೇ ಇರುವ ಕಲ್ಲಿನ ಬಗ್ಗೆಯೂ ಜಗಳ ತಪ್ಪಿದ್ದಲ್ಲ. ಗ್ರೀನ್‌ಲ್ಯಾಂಡಿನಲ್ಲಿ 370 ಕೋಟಿ ವರ್ಷದ ಸ್ಟ್ರೊಮ್ಯಾಟೊಲೈಟ್ ಸಿಕ್ಕಿತೆಂದು 2016ರಲ್ಲಿ ಒಬ್ಬರು ಬರೆದರೆ, ಅದು ಬರೀ ಮಡಿಚಿಕೊಂಡ ಕಲ್ಲೆಂದು 2018ರಲ್ಲಿ ಇನ್ನೊಬ್ಬರು ಬರೆದರು.

ಹೀಗಿರುವಾಗ ಮಂಗಳದ ಕಲ್ಲು ನೋಡಿ. 2024ರ ಜುಲೈನಲ್ಲಿ ಪರ್ಸಿವಿಯರೆನ್ಸ್ ರೋವರ್ ಒಣಗಿದ ಹೊಳೆಯ ಪಾತ್ರದಲ್ಲಿ ಚಿರತೆ ಮೈಯಂಥ ಚುಕ್ಕೆಗಳ ಕಲ್ಲೊಂದನ್ನು ಕಂಡು, ಕೊರೆದು ತುಂಡು ತೆಗೆಯಿತು. ಚುಕ್ಕೆಗಳಲ್ಲಿ ಕಬ್ಬಿಣದ ಫಾಸ್ಫೇಟೂ ಸಲ್ಫೈಡೂ ಇರುವಂತಿದೆ; ಭೂಮಿಯಲ್ಲಾದರೆ ಕೆಸರಿನ ಸೂಕ್ಷ್ಮಜೀವಿಗಳು ಇಂಥವನ್ನು ಬಿಟ್ಟುಹೋಗುತ್ತವೆ. ಜೀವದ ಗುರುತು ಇರಬಹುದು ಎಂದು 2025ರ ಸೆಪ್ಟೆಂಬರ್‌ನಲ್ಲಿ ಪ್ರಬಂಧ ಬಂತು. ‘ಇದೆ’ ಅಲ್ಲ, ‘ಇರಬಹುದು’. ಖಚಿತವಾಗಬೇಕಾದರೆ ತುಂಡು ಇಲ್ಲಿನ ಪ್ರಯೋಗಾಲಯಕ್ಕೆ ಬರಬೇಕು. ಸದ್ಯಕ್ಕೆ ಅದು ಕೊಳವೆಯೊಳಗೆ ಮುಚ್ಚಿಕೊಂಡು ಮಂಗಳದಲ್ಲೇ ಇದೆ. ದುರ್ಗಕ್ಕಾದರೆ ದಾವಣಗೆರೆಯಿಂದ ಬಸ್ಸಿವೆ.